ಶಿಕ್ಷಣದ ಸಾಮಾಜಿಕ ಕಾರ್ಯ: ಒಂದು ಪರಾಮರ್ಶೆ

ಸಮಾಜವು ಒಂದು ಶರೀರ; ಕುಟುಂಬ, ಆಡಳಿತ, ಶಾಲೆ ಮೊದಲಾದವು ಅದರ ಅವಯವಗಳು; ಪ್ರತಿಯೊಂದು ಅವಯವವೂ ಇಡಿಯ ಶರೀರದ ಧಾರಣೆಗಾಗಿ ತನ್ನ ಕಾರ್ಯವನ್ನು ನಡೆಸುತ್ತದೆ ಎಂಬುದು ಸಮಾಜಶಾಸ್ತ್ರದ ಕಾರ್ಯಾತ್ಮಕ ಪಂಥದ ಮೂಲ ನಿಲುವು. ಶಿಕ್ಷಣವನ್ನು ಈ ದೃಷ್ಟಿಯಿಂದ ಪರಿಶೀಲಿಸಿದವರಲ್ಲಿ ಫ್ರಾನ್ಸಿನ ಎಮಿಲ್ ಡರ್ಖೈಮ್ (1858–1917) ಅಗ್ರಗಣ್ಯನು.

ಅವನ ಎದುರಿಗಿದ್ದ ಸಮಸ್ಯೆ ಸಣ್ಣದಲ್ಲ. 1882ರ ಕಾನೂನು ಫ್ರಾನ್ಸಿನ ಸರಕಾರಿ ಪ್ರಾಥಮಿಕ ಶಾಲೆಗಳಿಂದ ಧಾರ್ಮಿಕ ಬೋಧನೆಯನ್ನು ತೆಗೆದು, ಆ ಸ್ಥಾನದಲ್ಲಿ ನೈತಿಕ ಹಾಗೂ ಪೌರ ಶಿಕ್ಷಣವನ್ನು ನಿಲ್ಲಿಸಿತ್ತು. ದೇವರ ಭಯವನ್ನು ಆಶ್ರಯಿಸದ ನೀತಿ ಯಾವುದರ ಮೇಲೆ ನಿಲ್ಲಬೇಕು? (ಸೃಷ್ಟಿಕರ್ತನನ್ನು ಒಪ್ಪದೆಯೇ ಆಚಾರವನ್ನು ಉಳಿಸಿಕೊಂಡು ಬಂದವರಿಗೆ ಈ ಪ್ರಶ್ನೆ ಹೊಸದಲ್ಲ.) ಸಮಾಜದ ಮೇಲೆ ಎಂಬುದು ಡರ್ಖೈಮನ ಉತ್ತರ. ಶಿಸ್ತು, ಸಮೂಹನಿಷ್ಠೆ, ವಿವೇಕದಿಂದ ಒಪ್ಪಿದ ಸ್ವಾಯತ್ತತೆ ಇವು ಅವನು ಹೇಳಿದ ನೀತಿಯ ಅಂಗಗಳು. ಶಿಸ್ತನ್ನು ಇಷ್ಟು ಎತ್ತಿ ಹಿಡಿದವನೇ ಶಾಲೆಯಲ್ಲಿ ಮಕ್ಕಳನ್ನು ದಂಡಿಸಲು ಹೊಡೆಯುವುದನ್ನು ಸ್ಪಷ್ಟವಾಗಿ ವಿರೋಧಿಸಿದನೆಂಬುದು ಸ್ಮರಣೀಯ.

ಅಮೆರಿಕದ ಟಾಲ್ಕಾಟ್ ಪಾರ್ಸನ್ಸ್ ಕೈಗೆ ಬಂದಾಗ ಈ ವಿಚಾರದ ಸ್ವರೂಪ ಬದಲಾಯಿತು. 1959ರಲ್ಲಿ ಹಾರ್ವರ್ಡ್ ಎಜುಕೇಷನಲ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾದ ಅವನ ಲೇಖನದಲ್ಲಿ ಶಾಲೆಗೆ ಎರಡು ಕಾರ್ಯಗಳಿವೆ: ಸಮಾಜದ ಮೌಲ್ಯಗಳನ್ನು ಮಗುವಿನಲ್ಲಿ ನೆಲೆಗೊಳಿಸುವುದು, ಮುಂದಿನ ಉದ್ಯೋಗಗಳಿಗೆ ತಕ್ಕಂತೆ ಮಕ್ಕಳನ್ನು ವಿಂಗಡಿಸುವುದು. ತಾಯಿ ತನ್ನ ಮಗುವೆಂದೇ ಮಗುವನ್ನು ಕಾಣುತ್ತಾಳೆ. ಉಪಾಧ್ಯಾಯರು ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆಯುತ್ತಾರೆ. ಅವಕಾಶ ನ್ಯಾಯವಾಗಿ ದೊರೆತಿದ್ದರೆ, ಸಾಧನೆಗೆ ತಕ್ಕ ಫಲಭೇದವೂ ನ್ಯಾಯವೇ ಎಂದು ಗೆದ್ದವನೂ ಸೋತವನೂ ಒಪ್ಪುವಂತೆ ಶಾಲೆ ಕಲಿಸುತ್ತದೆಂದು ಅವನ ಮತ.

ಇಡೀ ವಾದದ ಭಾರ ಆ ‘ದೊರೆತಿದ್ದರೆ’ ಎಂಬ ಒಂದು ಮಾತಿನ ಮೇಲಿದೆ. ಅದನ್ನು ಪರೀಕ್ಷಿಸಲು ಬೇರೆಡೆ ಹುಡುಕಬೇಕಾಗಿಲ್ಲ. ಪಾರ್ಸನ್ಸ್ ಅದೇ ಲೇಖನದಲ್ಲಿ ಬಾಸ್ಟನ್ ಪರಿಸರದ ಪ್ರೌಢಶಾಲೆಗಳ 3348 ಹುಡುಗರ ಅಂಕಿಗಳನ್ನು ಕೊಟ್ಟಿದ್ದಾನೆ. ಬುದ್ಧಿಪರೀಕ್ಷೆಯಲ್ಲಿ ಅಗ್ರ ಐದನೆಯ ಒಂದು ಪಾಲಿನಲ್ಲಿದ್ದವರನ್ನೇ ಎಣಿಸಿದರೆ, ಉನ್ನತ ಹುದ್ದೆಗಳಲ್ಲಿದ್ದವರ ಮಕ್ಕಳಲ್ಲಿ ಶೇಕಡಾ 89 ಮಂದಿ ಕಾಲೇಜಿಗೆ ಹೋಗಬಯಸಿದ್ದರು. ಕೂಲಿಕಾರರ ಮಕ್ಕಳಲ್ಲಿ ಶೇಕಡಾ 29 ಮಾತ್ರ. ಪ್ರತಿಭೆಗೂ ಬೆಲೆಯಿದೆಯೆಂಬುದಕ್ಕೆ ಪಾರ್ಸನ್ಸ್ ಹೆಚ್ಚು ಒತ್ತು ಕೊಟ್ಟನು. ಅದು ಸುಳ್ಳಲ್ಲ. ಆದರೆ ತೂಗುವ ಮೊದಲೇ ಒಂದು ತಟ್ಟೆಯಲ್ಲಿ ಕಲ್ಲಿದ್ದರೆ, ಅಂಗಡಿಯವನು ತೂಕ ಸರಿಯೆಂದು ಎಷ್ಟು ಹೇಳಿದರೂ ಪ್ರಯೋಜನವಿಲ್ಲ.

ಮುಖ್ಯ ಸ್ಥಾನಗಳಿಗೆ ಸಮರ್ಥರನ್ನು ಸೆಳೆಯಲು ಹೆಚ್ಚಿನ ಪ್ರತಿಫಲ ಅನಿವಾರ್ಯವೆಂದು 1945ರಲ್ಲಿ ಡೇವಿಸ್ ಮತ್ತು ಮೂರ್ ಬರೆದಿದ್ದರು. ಶ್ರೇಣೀಕೃತ ಸಮಾಜದಲ್ಲಿ ಪ್ರತಿಭೆ ಎಲ್ಲಿದೆಯೆಂದು ತಿಳಿಯುವುದೇ ಕಷ್ಟ, ತರಬೇತಿಯ ಅವಕಾಶ ತಂದೆಯ ಸಂಪತ್ತನ್ನು ಅವಲಂಬಿಸುತ್ತದೆ ಎಂದು ಮೆಲ್ವಿನ್ ಟ್ಯೂಮಿನ್ 1953ರಲ್ಲಿಯೇ ಆಕ್ಷೇಪಿಸಿದ್ದನು.

ಮೇಲಿನ ಅಂಕಿಗಳು ಕೇವಲ ಇಚ್ಛೆಯ ಅಂಕಿಗಳು, ಶಾಲೆ ಯಾರನ್ನೂ ತಡೆಯಲಿಲ್ಲ ಎಂದು ಈ ಪಂಥದವರು ಸಮರ್ಥಿಸಬಹುದು. ಹಾಗಾದರೆ ವಿಂಗಡಿಸಿದ್ದು ಶಾಲೆಯಲ್ಲ, ಮನೆ ಎಂದಾಯಿತು. ಆದರೂ ಹಿಂದುಳಿದ ಆ ಹುಡುಗನಿಗೆ, ನಷ್ಟವನ್ನು ತನ್ನ ಯೋಗ್ಯತೆಯ ಖಾತೆಗೇ ಬರೆದುಕೊಳ್ಳಲು ಕಲಿಸಿದ್ದು ಶಾಲೆಯೇ.