ನಾಲ್ಕು ಡಿಸ್ಟಿಲರಿ, ಒಂದು ವಾರ

ವಿಸ್ಕಿ ತಯಾರಾಗುವ ಜಾಗಗಳನ್ನು ನೋಡಬೇಕೆಂದು ಸ್ಕಾಟ್ಲೆಂಡಿಗೆ ಹೊರಡುವ ಹೊಸಬರು ಮೊದಲು ಕೂತು ಪಟ್ಟಿ ಬರೆಯುತ್ತಾರೆ. ಕೈಯಲ್ಲಿರುವುದು ಏಳು ದಿನ, ಪಟ್ಟಿಯಲ್ಲಿ ಹದಿನೈದು ಹೆಸರು: ಬೆಳಿಗ್ಗೆ ಒಂದು, ಊಟವಾದ ಮೇಲೆ ಒಂದು, ಸಾಧ್ಯವಾದರೆ ಸಂಜೆಗೆ ಮತ್ತೊಂದು. ಮೂರನೆಯ ದಿನದ ಹೊತ್ತಿಗೆ ಎಲ್ಲ ಹಂಡೆಗಳೂ ಒಂದೇ ಥರ ಕಾಣತೊಡಗುತ್ತವೆ, ಎಲ್ಲ ಗೈಡ್‌ಗಳೂ ಒಂದೇ ಪಾಠ ಒಪ್ಪಿಸಿದಂತೆ ಕೇಳಿಸುತ್ತದೆ. ಇದರಲ್ಲಿ ಗೈಡ್‌ಗಳ ತಪ್ಪಿಲ್ಲ. ಸಿಂಗಲ್ ಮಾಲ್ಟ್‌ಗೆ ಬೇಕಾದುದು ಮಾಲ್ಟ್ ಮಾಡಿದ ಬಾರ್ಲಿ, ನೀರು, ಯೀಸ್ಟ್, ಇಷ್ಟೇ. ನೆನೆಸುವುದು, ಮೊಳಕೆ ಬರಿಸುವುದು, ಒಣಗಿಸುವುದು, ಬಿಸಿನೀರಲ್ಲಿ ಸಿಹಿ ಇಳಿಸುವುದು, ಹುಳಿಯಲು ಬಿಡುವುದು, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುವುದು, ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇಡುವುದು – ಈ ಕ್ರಮ ಎಲ್ಲ ಕಡೆ ಒಂದೇ. ಬೇರೆಯಾಗುವುದು ಎಷ್ಟು ಗಂಟೆ ಹುಳಿಸಿದರು, ಎಷ್ಟು ಹೊತ್ತು ಹೊಗೆ ಕೊಟ್ಟರು, ಹಂಡೆಯ ಕೊರಳು ಎಷ್ಟು ಎತ್ತರವಿದೆ ಎಂಬಂಥ ಸಣ್ಣ ಸಂಗತಿಗಳಲ್ಲಿ. ಓಡುತ್ತ ನೋಡುವವರಿಗೆ ಅವು ಸಿಕ್ಕುವುದಿಲ್ಲ. ಹಾಗಾಗಿ ಮೊದಲ ಸಲ ಹೋಗುವವರು ಒಂದು ವಾರಕ್ಕೆ ನಾಲ್ಕೇ ಡಿಸ್ಟಿಲರಿ ಇಟ್ಟುಕೊಳ್ಳಬೇಕು, ಆ ನಾಲ್ಕನ್ನು ಹೆಸರು ನೋಡಿ ಆರಿಸದೆ, ಒಂದು ಕಲಿಸಿದ್ದನ್ನು ಇನ್ನೊಂದು ಮುಂದುವರಿಸುವಂತೆ ಆರಿಸಬೇಕು ಎಂಬುದು ನನ್ನ ವಾದ.

ಎಲ್ಲವನ್ನೂ ನೋಡಿ ಮುಗಿಸಿದವರೊಬ್ಬರಿದ್ದರು. ಆಲ್‌ಫ್ರೆಡ್ ಬರ್ನಾರ್ಡ್ 1885ರಿಂದ ಸುಮಾರು ಎರಡು ವರ್ಷ ಬ್ರಿಟನ್ ಮತ್ತು ಐರ್ಲೆಂಡ್ ಸುತ್ತಿ ನೂರೈವತ್ತಕ್ಕೂ ಹೆಚ್ಚು ಡಿಸ್ಟಿಲರಿಗಳ ಬಾಗಿಲು ತಟ್ಟಿದರು. 1887ರಲ್ಲಿ ಹೊರಬಂದ ಅವರ ಪುಸ್ತಕವನ್ನು ಇತಿಹಾಸ ಬರೆಯುವವರು ಇಂದಿಗೂ ತೆಗೆದು ನೋಡುತ್ತಾರೆ. ಅದರಲ್ಲಿ ಕಟ್ಟಡಗಳ ಉದ್ದಗಲ, ಹಂಡೆಗಳ ಗಾತ್ರ, ನೀರಿನ ಮೂಲ, ವರ್ಷದ ಉತ್ಪಾದನೆ ಎಲ್ಲ ಧಾರಾಳವಾಗಿ ಸಿಗುತ್ತವೆ. ವಿಸ್ಕಿಯ ರುಚಿಯ ಮಾತು ಮಾತ್ರ ಅಪರೂಪ. ಇನ್ನೊಂದು ಕಡೆ, 1918ರಲ್ಲಿ ಜಪಾನಿನಿಂದ ಗ್ಲಾಸ್ಗೋಗೆ ಓದಲು ಬಂದ ಮಸತಕ ತಕೆತ್ಸುರು ಕೆಲಸ ಕಲಿತದ್ದು ಬೆರಳೆಣಿಕೆಯ ಜಾಗಗಳಲ್ಲಿ. 1919ರಲ್ಲಿ ಲಾಂಗ್‌ಮಾರ್ನ್‌ನಲ್ಲಿ ಕೆಲವೇ ದಿನ, 1920ರಲ್ಲಿ ಕ್ಯಾಂಬೆಲ್‌ಟೌನ್ ಎಂಬ ಬಂದರೂರಿನ ಹೇಜಲ್‌ಬರ್ನ್‌ನಲ್ಲಿ ತಿಂಗಳುಗಟ್ಟಲೆ. ಅಲ್ಲಿ ಕಂಡದ್ದನ್ನು ಚಿತ್ರ ಸಮೇತ ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೋದ ಆ ತರುಣ ಮುಂದೆ ಯಮಾಝಾಕಿ ಡಿಸ್ಟಿಲರಿ ಕಟ್ಟುವ ಕೆಲಸಕ್ಕೆ ನಿಂತರು, 1934ರಲ್ಲಿ ಯೊಯಿಚಿಯಲ್ಲಿ ತಮ್ಮದೇ ಡಿಸ್ಟಿಲರಿ ತೆರೆದರು. ಅವರು ರಸಾಯನಶಾಸ್ತ್ರ ಬಲ್ಲವರು, ಒಳಗೆ ನಿಂತು ದುಡಿದವರು, ಪ್ರವಾಸಿಗೆ ಅವರ ಹೋಲಿಕೆ ಸಲ್ಲದು ಎನ್ನಬಹುದು. ಒಪ್ಪುತ್ತೇನೆ. ಆದರೆ ಅಷ್ಟು ತಯಾರಾಗಿ ಬಂದವರಿಗೇ ಒಂದು ಜಾಗಕ್ಕೆ ತಿಂಗಳುಗಳು ಬೇಕಾದವು ಎಂದಮೇಲೆ, ಏನೂ ತಿಳಿಯದೆ ಹೋಗುವವರು ಒಂದಕ್ಕೆ ಒಂದು ಪೂರ್ತಿ ದಿನವನ್ನಾದರೂ ಕೊಡುವುದು ಹೆಚ್ಚಲ್ಲ.

ಆ ಮೊದಲ ದಿನ ಕ್ಯಾಂಬೆಲ್‌ಟೌನಿಗೇ ಸಲ್ಲಲಿ. ಕಿನ್‌ಟೈರ್ ಎಂಬ ಉದ್ದನೆಯ ಭೂಚಾಚಿನ ತುದಿಯಲ್ಲಿರುವ ಈ ಊರಿಗೆ ಗ್ಲಾಸ್ಗೋದಿಂದ ನೇರ ಬಸ್ಸಿದೆ. ಒಂದು ಕಾಲಕ್ಕೆ ಇಪ್ಪತ್ತಕ್ಕೂ ಹೆಚ್ಚು ಡಿಸ್ಟಿಲರಿಗಳಿದ್ದ ಊರಿನಲ್ಲಿ ಈಗ ಉಳಿದಿರುವುದು ಮೂರು. ತಕೆತ್ಸುರು ಕಲಿತ ಹೇಜಲ್‌ಬರ್ನ್ ಮುಚ್ಚಿ ನೂರು ವರ್ಷವಾಯಿತು. ಆ ಹೆಸರನ್ನು ಈಗ ಪಕ್ಕದ ಸ್ಪ್ರಿಂಗ್‌ಬ್ಯಾಂಕ್ ತನ್ನ ಒಂದು ವಿಸ್ಕಿಗೆ ಇಟ್ಟುಕೊಂಡಿದೆ. 1828ರಿಂದ ನಡೆದುಬಂದಿರುವ ಸ್ಪ್ರಿಂಗ್‌ಬ್ಯಾಂಕಿನಲ್ಲಿ ಮೊಳಕೆ ಬರಿಸುವುದರಿಂದ ಹಿಡಿದು ಬಾಟಲಿ ತುಂಬುವವರೆಗೆ ಎಲ್ಲ ಕೆಲಸವೂ ಒಂದೇ ಆವರಣದಲ್ಲಿ ಆಗುತ್ತದೆ. ಹೆಚ್ಚಿನ ಡಿಸ್ಟಿಲರಿಗಳಿಗೆ ಮಾಲ್ಟ್ ಹೊರಗಿನಿಂದ ಲಾರಿಯಲ್ಲಿ ಬರುತ್ತದೆ, ಹಾಗಾಗಿ ಅರ್ಧ ಕಥೆ ಪ್ರವಾಸಿಯ ಕಣ್ಣಿಗೆ ಬೀಳುವುದೇ ಇಲ್ಲ. ಈ ಅರ್ಧ ಕನ್ನಡದ ಮನೆಗಳಿಗೆ ಹೊಸದಲ್ಲ. ರಾಗಿ ಮಾಲ್ಟ್ ಮಾಡುವವರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಬಿಳಿ ಮೊಳಕೆ ಇಣುಕಿದಾಗ ಒಣಗಿಸಿ, ಹುರಿದು ಬೀಸುತ್ತಾರೆ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸಲು ಸಜ್ಜಾಗುತ್ತವೆ. ಬಾರ್ಲಿಯಲ್ಲಿ ಆಗುವುದೂ ಅದೇ. ಇಲ್ಲಿ ಕಟ್ಟುವ ಬಟ್ಟೆಯ ಬದಲು ಒಂದು ದೊಡ್ಡ ಅಂಗಳದಂಥ ನೆಲ. ಬೇರುಗಳು ಒಂದಕ್ಕೊಂದು ಹೆಣೆದುಕೊಳ್ಳದಂತೆ, ಒಳಗೆ ಕಾವು ಏರದಂತೆ ಆಳುಗಳು ಕಾಳನ್ನು ಹಗಲಿರುಳು ತಿರುವುತ್ತಲೇ ಇರಬೇಕು. ಒಣಗಿದ ಕಾಳು ಒಂದೆರಡನ್ನು ಕೇಳಿ ಪಡೆದು ಹಲ್ಲಲ್ಲಿ ಕಚ್ಚಿ ನೋಡಿ. ಹಸಿ ಬಾರ್ಲಿ ಹಲ್ಲಿಗೆ ಜಗ್ಗದು. ಮಾಲ್ಟ್ ಆದದ್ದು ಸುಣ್ಣದ ಬಳಪದ ಹಾಗೆ ಪುಡಿಯಾಗಿ ನಾಲಗೆಗೆ ಸಿಹಿ ಬಿಡುತ್ತದೆ. ಹೊಗೆ ಕೊಟ್ಟ ಕಾಳಾದರೆ ಸಿಹಿಯ ಹಿಂದೆಯೇ ಒದ್ದೆ ಸೌದೆಯ ಹೊಗೆಯೂ ಬರುತ್ತದೆ.

ಸ್ಪ್ರಿಂಗ್‌ಬ್ಯಾಂಕಿನಿಂದಲೇ ಶುರುಮಾಡಬೇಕೆನ್ನಲು ಇನ್ನೂ ಗಟ್ಟಿಯಾದ ಕಾರಣವಿದೆ. ಅದು ಒಂದೇ ಸೂರಿನಡಿ ಮೂರು ವಿಸ್ಕಿ ಮಾಡುತ್ತದೆ. ಹೇಜಲ್‌ಬರ್ನ್‌ನ ಮಾಲ್ಟ್ ಬರೀ ಬಿಸಿಗಾಳಿಯಲ್ಲಿ ಒಣಗುತ್ತದೆ, ಮೂರು ಸಲ ಭಟ್ಟಿಯಾಗುತ್ತದೆ. ಲಾಂಗ್‌ರೋ ಮಾಲ್ಟ್‌ಗೆ ಎರಡು ದಿನದವರೆಗೆ ಪೀಟ್ ಎಂಬ ಜೌಗುನೆಲದ ಮಣ್ಣನ್ನು ಉರಿಸಿದ ಹೊಗೆ, ಎರಡು ಸಲ ಭಟ್ಟಿ. ಸ್ಪ್ರಿಂಗ್‌ಬ್ಯಾಂಕ್ ಎಂಬ ಹೆಸರಿನದಕ್ಕೆ ಸುಮಾರು ಆರು ಗಂಟೆಯ ಹೊಗೆ, ಆಮೇಲೆ ಬಿಸಿಗಾಳಿ. ಭಟ್ಟಿಯನ್ನು ಅವರು ಎರಡೂವರೆ ಸಲ ಎಂದು ಲೆಕ್ಕ ಹಾಕುತ್ತಾರೆ, ಏಕೆಂದರೆ ದ್ರವದ ಒಂದು ಭಾಗ ಮಾತ್ರ ಮೂರನೆಯ ಸುತ್ತು ಹೋಗುತ್ತದೆ. ಜಾಗ ಅದೇ, ಹಂಡೆಗಳು ಅವೇ. ಬದಲಾದದ್ದು ಹೊಗೆ ಮತ್ತು ಭಟ್ಟಿಯ ಸುತ್ತು. ಮೂರು ಗ್ಲಾಸುಗಳನ್ನು ಸಾಲಾಗಿಟ್ಟು ಮೂಸಿದವರಿಗೆ ಪೀಟ್ ಎಂದರೇನು, ಹೆಚ್ಚು ಸಲ ಭಟ್ಟಿ ಇಳಿಸಿದರೆ ಮೈ ಹೇಗೆ ಹಗುರಾಗುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಸ್ಪೇಸೈಡ್ ಪ್ರಾಂತ್ಯದಲ್ಲಿ ಐವತ್ತರಷ್ಟು ಡಿಸ್ಟಿಲರಿಗಳು ಹತ್ತಿರ ಹತ್ತಿರ ಇರುವಾಗ ಈ ಮೂಲೆಗೇಕೆ ಹೋಗಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದು. ಸ್ಪೇಸೈಡಿನ ಸೂಕ್ಷ್ಮಗಳು ಎರಡನೆಯ ಪ್ರವಾಸಕ್ಕೆ ಹೇಳಿ ಮಾಡಿಸಿದವು. ಅಕ್ಷರ ತಿದ್ದಲು ಅದು ಸರಿಯಾದ ಜಾಗವಲ್ಲ.

ಕ್ಯಾಂಬೆಲ್‌ಟೌನಿನಿಂದ ಅದೇ ಬಸ್ಸಿನ ದಾರಿಯಲ್ಲಿ ಹಿಂದೆ ಬಂದರೆ ಕೆನಕ್ರೇಗ್ ಸಿಗುತ್ತದೆ. ಅಲ್ಲಿಂದ ಎರಡು ಗಂಟೆ ಚಿಲ್ಲರೆ ಹಡಗಿನಲ್ಲಿ ಕೂತರೆ ಐಲಾ ದ್ವೀಪ, ಮೂರು ಸಾವಿರ ಚಿಲ್ಲರೆ ಜನ, ಹತ್ತರ ಆಸುಪಾಸು ಡಿಸ್ಟಿಲರಿ. ದಕ್ಷಿಣ ತೀರದಲ್ಲಿ ಲಫ್ರೋಯ್ಗ್, ಲಗವೂಲಿನ್, ಆರ್ಡ್‌ಬೆಗ್ ಮೂರೂ ಐದು ಕಿಲೋಮೀಟರಿನ ಒಂದು ಕಾಲುದಾರಿಯಲ್ಲಿ ಸಿಗುವುದರಿಂದ, ಒಂದೇ ದಿನಕ್ಕೆ ಮೂರನ್ನೂ ಮುಗಿಸುವ ಆಸೆ ಹುಟ್ಟುತ್ತದೆ. ಆ ಆಸೆ ಬಿಟ್ಟು ಲಗವೂಲಿನ್ ಒಂದನ್ನು ನೋಡಿ, ಮರುದಿನ ದ್ವೀಪದ ಇನ್ನೊಂದು ಬದಿಯ ಕಲ್ ಈಲಾಕ್ಕೆ ಹೋಗಬೇಕು. ಎರಡೂ ಒಂದೇ ಕಂಪನಿಯವು. ಎರಡಕ್ಕೂ ಮಾಲ್ಟ್ ಬರುವುದು ಪೋರ್ಟ್ ಎಲೆನ್ ಊರಿನ ಒಂದೇ ಮಾಲ್ಟ್ ಕಾರ್ಖಾನೆಯಿಂದ, ಹೊಗೆಯ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಆದರೂ ಲಗವೂಲಿನ್ ದಟ್ಟ, ಭಾರ. ಕಲ್ ಈಲಾ ಹಗುರ, ಎಣ್ಣೆಯ ನಯ, ಹೊಗೆಯ ಜೊತೆಗೆ ನಿಂಬೆಸಿಪ್ಪೆಯಂಥ ತಾಜಾತನ. ಕಾರಣ ಹಂಡೆಮನೆಯಲ್ಲಿದೆ. ಲಗವೂಲಿನ್‌ನ ಹಂಡೆಗಳು ಪೇರ್ ಹಣ್ಣಿನ ಆಕಾರದವು, ಕಲ್ ಈಲಾದವು ದೊಡ್ಡವು, ಎತ್ತರದವು. ಆವಿ ತಾಮ್ರಕ್ಕೆ ಹೆಚ್ಚು ತಾಗಿ, ಭಾರದ ಅಂಶ ಮತ್ತೆ ಕೆಳಗಿಳಿದು ಕುದಿದಷ್ಟೂ ಹೊರಬರುವ ಸ್ಪಿರಿಟ್ ತಿಳಿಯಾಗುತ್ತದೆ. ಶಂಕರಾಭರಣಕ್ಕೂ ಕಲ್ಯಾಣಿಗೂ ಬೇರೆಯಾಗುವುದು ಮಧ್ಯಮ ಒಂದೇ. ಬೆನ್ನುಬೆನ್ನಿಗೆ ಕೇಳಿದಾಗ ಹೊಸ ಕಿವಿಗೂ ಆ ಸ್ವರ ಹಿಡಿದುಬಿಡುತ್ತದೆ. ಈ ಎರಡು ಡಿಸ್ಟಿಲರಿಗಳನ್ನು ಜೋಡಿಯಾಗಿ ನೋಡುವುದರಿಂದ ಆಗುವ ಲಾಭ ಅದೇ.

ಹಂಡೆಮನೆಯಲ್ಲಿ ಕಣ್ಣಿಡಬೇಕಾದ ವಸ್ತು ಹಂಡೆಗಿಂತ ಅದರ ಮುಂದಿರುವ ಹಿತ್ತಾಳೆ ಚೌಕಟ್ಟಿನ ಗಾಜಿನ ಪೆಟ್ಟಿಗೆ. ತೆರಿಗೆಯ ಕಾರಣಕ್ಕೆ ಬೀಗ ಹಾಕಿಡುತ್ತಿದ್ದ ಈ ಪೆಟ್ಟಿಗೆಯೊಳಗೆ ಸ್ಪಿರಿಟ್ ತೆಳ್ಳಗೆ ಧಾರೆಯಾಗಿ ಬೀಳುತ್ತಿರುತ್ತದೆ. ಮೊದಲು ಬಂದದ್ದು ಕಟು, ಕೊನೆಗೆ ಬರುವುದು ಜಡ. ಎರಡನ್ನೂ ಪಕ್ಕಕ್ಕೆ ತಿರುಗಿಸಿ, ನಡುವಿನದನ್ನಷ್ಟೇ ಪೀಪಾಯಿಗೆ ಇಟ್ಟುಕೊಳ್ಳುತ್ತಾರೆ. ಹೊಗೆಯ ಅಂಶ ಧಾರೆಯ ಕೊನೆಕೊನೆಗೆ ಹೆಚ್ಚಾಗಿ ಬರುವುದರಿಂದ, ಹಿಡಿಕೆಯನ್ನು ಯಾವಾಗ ತಿರುಗಿಸುತ್ತಾರೆ ಎಂಬುದೇ ಆ ಡಿಸ್ಟಿಲರಿಯ ಗುಣ ನಿರ್ಧರಿಸುತ್ತದೆ. ಗೈಡ್‌ಗಳೆಲ್ಲ ಹೇಳುವುದು ಒಂದೇ ಎಂಬ ದೂರಿಗೆ ಪರಿಹಾರವೂ ಇಲ್ಲೇ ಇದೆ: ಎಲ್ಲ ಕಡೆ ಅವೇ ಮೂರು ಪ್ರಶ್ನೆ ಕೇಳಿ. ಎಷ್ಟು ಗಂಟೆ ಹುಳಿಸುತ್ತೀರಿ? ಧಾರೆಯನ್ನು ಯಾವ ಹಂತದಲ್ಲಿ ಕತ್ತರಿಸುತ್ತೀರಿ? ಪೀಪಾಯಿಗಳಲ್ಲಿ ಮೊದಲು ಏನಿತ್ತು, ಎಷ್ಟನೆಯ ಸಲ ತುಂಬುತ್ತಿದ್ದೀರಿ? ಉತ್ತರಗಳನ್ನು ಬರೆದುಕೊಂಡರೆ ಬಾಯಿಪಾಠದ ಹಿಂದಿನ ವ್ಯತ್ಯಾಸ ತಾನಾಗಿ ಹೊರಬರುತ್ತದೆ. ಟಿಕೆಟ್ ಮಾಡಿಸುವ ಮೊದಲೇ ಇಮೇಲಿನಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ, ಆ ವಾರ ಹಂಡೆ ಉರಿಯುತ್ತಿರುತ್ತದೆಯೇ ಎಂದು. ಬೇಸಿಗೆಯಲ್ಲಿ ರಿಪೇರಿಗೆಂದು ಹಲವು ಡಿಸ್ಟಿಲರಿಗಳು ಕೆಲವು ವಾರ ಕೆಲಸ ನಿಲ್ಲಿಸುತ್ತವೆ. ಆಗ ತಣ್ಣಗಿನ ತಾಮ್ರ ನೋಡಿ ಬರಬೇಕಾಗುತ್ತದೆ. ಮೇ ಕೊನೆಯ ವಿಸ್ಕಿ ಹಬ್ಬದ ವಾರದಲ್ಲಿ ಐಲಾದಲ್ಲಿ ರೂಮು ಸಿಗುವುದು ಕಷ್ಟ. ಮೇ ಮೊದಲ ಭಾಗ ಅಥವಾ ಸೆಪ್ಟೆಂಬರ್ ಒಳ್ಳೆಯದು.

ಇಷ್ಟು ದೂರ, ಇಷ್ಟು ಖರ್ಚು, ವೀಸಾದ ಓಡಾಟ ಬೇರೆ. ನಾಲ್ಕೇ ನೋಡಿ ಬರುವುದೇ ಎಂಬುದು ಸಹಜವಾದ ಸಂಕಟ. ಆದರೆ ಮೂಗಿಗೆ ಒಂದು ಮಿತಿ ಇದೆ. ಒಂದೇ ಬಗೆಯ ವಾಸನೆಯನ್ನು ಮೂಸುತ್ತಲೇ ಇದ್ದರೆ ಅದು ಮಂಕಾಗುತ್ತದೆ. ಪೀಪಾಯಿಯಿಂದ ನೇರವಾಗಿ ತೆಗೆದ ಶೇ. 55–60 ಆಲ್ಕೋಹಾಲಿನ ಗುಟುಕು ನಾಲಗೆಯನ್ನೂ ಜಡವಾಗಿಸುತ್ತದೆ. ಐದನೆಯ ಡಿಸ್ಟಿಲರಿಯಲ್ಲಿ ಕೊಟ್ಟ ಹಣಕ್ಕೆ ಸಿಗುವುದು ಫೋಟೊ ಮಾತ್ರ. ಕುಡಿಯದವರು ಇಂಥ ಪ್ರವಾಸಕ್ಕೆ ಬರುವುದು ವ್ಯರ್ಥ ಎನ್ನುವವರಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ತಿಳಿಯುವುದರ ಮುಕ್ಕಾಲು ಪಾಲು ಮೂಗಿನಿಂದ. ಹುಳಿಯುವ ತೊಟ್ಟಿಯ ಬಾಳೆಹಣ್ಣಿನಂಥ ವಾಸನೆ, ಮಾಲ್ಟ್ ಒಣಗಿಸುವ ಗೂಡಿನ ಹೊಗೆ, ಗೋದಾಮಿನ ಒದ್ದೆ ಮಣ್ಣು, ಇವಕ್ಕೆ ಗುಟುಕು ಬೇಕಿಲ್ಲ. ಕಾರು ಓಡಿಸುವವರು ಗುಟುಕು ಬಿಡಲೇಬೇಕು: ಸ್ಕಾಟ್ಲೆಂಡಿನ ಮಿತಿ 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ, ಇಂಗ್ಲೆಂಡಿನ 80ಕ್ಕಿಂತ ಬಿಗಿ. ಹಲವು ಡಿಸ್ಟಿಲರಿಗಳು ಚಾಲಕರ ಪಾಲನ್ನು ಪುಟ್ಟ ಸೀಸೆಗೆ ಹಾಕಿ ಕೊಡುತ್ತವೆ.

ನಾಲ್ಕನೆಯದು 1779ರ ಬೋಮೋರ್, ದ್ವೀಪದ ನಡುವಿನ ಊರಿನಲ್ಲೇ ಇದೆ. ಅದರ ಒಂದು ಹಳೆಯ ಗೋದಾಮು ಈಗ ಊರವರ ಈಜುಕೊಳ. ನೀರು ಬಿಸಿಯಾಗುವುದು ಡಿಸ್ಟಿಲರಿಯ ಉಳಿಕೆ ಶಾಖದಿಂದ. ಆದರೆ ಹೋಗಬೇಕಾದುದು ಅಲೆ ಗೋಡೆಗೇ ಬಡಿಯುವ ಒಂದನೆಯ ನಂಬರಿನ ಗೋದಾಮಿಗಾಗಿ. ಕಡಲ ಉಪ್ಪು ಪೀಪಾಯಿಯೊಳಗೆ ಇಳಿಯುತ್ತದೆ ಎಂಬ ಮಾತನ್ನು ಮಾತ್ರ ಹುಷಾರಾಗಿ ಕೇಳಿಸಿಕೊಳ್ಳಿ. ಕಲ್ ಈಲಾದ ಬಹುಪಾಲು ಸ್ಪಿರಿಟ್ ಹಣ್ಣಾಗುವುದು ದ್ವೀಪದ ಆಚೆ, ಮುಖ್ಯಭೂಮಿಯಲ್ಲಿ, ಆದರೂ ಅದರಲ್ಲಿ ಕಡಲಿನ ನೆನಪು ತರುವ ಗುಣ ಇದ್ದೇ ಇದೆ. ಗೋದಾಮಿನ ನಿಜವಾದ ಪಾಠ ತಂಪು. ಇಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾಗಿ ಹೋಗುತ್ತದೆ. ಬೆಂಗಳೂರಿನ ಬಿಸಿಲಿಗೆ ಅಮೃತ್ ಡಿಸ್ಟಿಲರಿಯಲ್ಲಿ ಹೋಗುವುದು ಶೇ. 10ರಿಂದ 12. 1948ರಲ್ಲಿ ರಾಧಾಕೃಷ್ಣ ಜಗದಾಳೆ ಕಟ್ಟಿದ ಆ ಸಂಸ್ಥೆ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ಸ್ಕಾಟ್ಲೆಂಡಿನಲ್ಲಿ ಹತ್ತಾರು ವರ್ಷ ತೆಗೆದುಕೊಳ್ಳುವ ಮಾಗುವಿಕೆ ಬೆಂಗಳೂರಿನಲ್ಲಿ ಕೆಲವೇ ವರ್ಷಕ್ಕೆ ಬರುತ್ತದೆ, ಪೀಪಾಯಿಯೂ ಅಷ್ಟೇ ಬೇಗ ಬರಿದಾಗುತ್ತದೆ. ಲೇಬಲ್ಲಿನ ಮೇಲಿನ ವಯಸ್ಸನ್ನು ಊರಿನ ಹವೆ ಬಿಟ್ಟು ಓದಬಾರದೆಂಬುದು ಬೋಮೋರಿನ ಆ ಚಳಿಯಲ್ಲಿ ನಿಂತಾಗ ಮೈಗೇ ಗೊತ್ತಾಗುತ್ತದೆ.

ಭಾರತಕ್ಕೆ ಮರಳುವಾಗ ಸುಂಕವಿಲ್ಲದೆ ತರಬಹುದಾದುದು ಒಬ್ಬರಿಗೆ 2 ಲೀಟರ್, ಅಂದರೆ 700 ಮಿ.ಲೀ.ಯ ಎರಡು ಬಾಟಲಿ. ಒಂದು ಲಗವೂಲಿನ್, ಒಂದು ಕಲ್ ಈಲಾ ಇರಲಿ. ಊರಿಗೆ ಬಂದಮೇಲೆ ಅವುಗಳ ಪಕ್ಕಕ್ಕೆ ಅಮೃತ್ ಫ್ಯೂಷನ್ ಇಡಿ. ನಮ್ಮ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನಿಂದ ತರಿಸಿದ ಹೊಗೆಯ ಮಾಲ್ಟ್ ಸೇರಿರುವ ವಿಸ್ಕಿ ಅದು. ಮೂರು ಗ್ಲಾಸಿಗೂ ಒಂದೊಂದು ಚಮಚ ನೀರು ಹಾಕಿ, ಐದು ನಿಮಿಷ ಬಿಟ್ಟು, ಮೊದಲು ಕಲ್ ಈಲಾವನ್ನು ಮೂಸಿ.