ಗೌರವಧನದಲ್ಲಿ ಗೌರವವೆಷ್ಟು, ಧನವೆಷ್ಟು?

ರಾಜ್ಯದ ಬಜೆಟ್ ಮಂಡನೆಯಾದ ಮರುದಿನದ ಪತ್ರಿಕೆಗಳಲ್ಲಿ ಒಂದು ಪದ ಪ್ರತಿ ವರ್ಷವೂ ತಪ್ಪದೆ ಕಾಣಿಸಿಕೊಳ್ಳುತ್ತದೆ: ಗೌರವಧನ. 2025-26ರ ಬಜೆಟಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಗೌರವಧನ 1,000 ರೂಪಾಯಿ, ಸಹಾಯಕಿಯರ ಗೌರವಧನ 750 ರೂಪಾಯಿ ಏರಿತು. ಸುದ್ದಿ ಓದಿದವರು 'ಪಾಪ, ಏನೋ ಸ್ವಲ್ಪ ಸಿಕ್ಕಿತಲ್ಲ' ಎಂದುಕೊಂಡು ಪುಟ ತಿರುಗಿಸಿರಬಹುದು. ಎಷ್ಟು ಏರಿತು, ಎಷ್ಟು ಏರಬೇಕಿತ್ತು ಎಂಬ ಚರ್ಚೆಯಾದರೂ ಅಲ್ಲಲ್ಲಿ ನಡೆಯುತ್ತದೆ. ಆದರೆ ಆ ಪದವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಕನಿಷ್ಠ ವೇತನದ ಚರ್ಚೆ ಮೇಲುನೋಟಕ್ಕೆ ಅಂಕಿಗಳ ಚರ್ಚೆಯಂತೆ ಕಂಡರೂ, ಸರಕಾರಕ್ಕಾಗಿ ದುಡಿಯುವ ಲಕ್ಷಾಂತರ ಹೆಂಗಸರ ಮಟ್ಟಿಗೆ ಅದು ಅಂಕಿಗಳ ತನಕ ತಲುಪುವುದೇ ಇಲ್ಲ. ಪದದ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಗೌರವಧನವೆಂದರೆ ಏನು? ಸಾಹಿತ್ಯ ಸಮಾರಂಭಕ್ಕೆ ಬಂದ ಉಪನ್ಯಾಸಕರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಒಂದು ಲಕೋಟೆ ಕೊಡುತ್ತೇವಲ್ಲ, ಅದು ಗೌರವಧನ. ಆ ಲಕೋಟೆಯಲ್ಲಿ ಎಷ್ಟಿದೆಯೆಂದು ಅವರು ಕೇಳುವುದಿಲ್ಲ, ಕೇಳುವುದು ಸಭ್ಯತೆಯೂ ಅಲ್ಲ. ಏಕೆಂದರೆ ಅವರ ಮನೆಯ ಒಲೆ ಉರಿಯುವುದು ಬೇರೆ ಸಂಪಾದನೆಯಿಂದ. ಅಂದರೆ ಜೀವನೋಪಾಯ ಬೇರೆಡೆ ಇರುವವರಿಗೆ, ಅವರು ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಮೆಚ್ಚುಗೆಯ ಗುರುತಾಗಿ ಕೊಡುವ ಹಣವದು. ಈ ಅರ್ಥವನ್ನು ಹಾಗೆಯೇ ಇಟ್ಟುಕೊಂಡು ಪದವನ್ನು ಮಾತ್ರ ಅಂಗನವಾಡಿಯ ಬಾಗಿಲಿಗೆ ತಂದರೆ ಏನಾಗುತ್ತದೆ? 'ಎಷ್ಟು?' ಎಂದು ಕೇಳುವ ಹಕ್ಕು ಆ ಹೆಂಗಸಿನ ಕೈತಪ್ಪುತ್ತದೆ. ಕೇಳಿದರೆ ದುರಾಸೆ, ಕೇಳದಿದ್ದರೆ ಸೇವೆ. (ಕಾಲೇಜುಗಳಲ್ಲಿ ಹತ್ತು ಹದಿನೈದು ವರ್ಷ ಪಾಠ ಮಾಡಿದವರನ್ನು 'ಅತಿಥಿ' ಉಪನ್ಯಾಸಕರೆನ್ನುವುದೂ ಇದೇ ಜಾಣತನದ ಇನ್ನೊಂದು ರೂಪ. ಇಷ್ಟು ಕಾಲ ಉಳಿದ ಅತಿಥಿಯನ್ನು, ಇಷ್ಟು ಕಡಿಮೆ ಉಪಚಾರ ಮಾಡಿದ ಆತಿಥೇಯನನ್ನು ಬೇರೆಲ್ಲೂ ಕಾಣೆವು.)

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಮೆಟ್ರಿಕ್ ಆದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಆಗದವಳಿಗೆ 100, ಸಹಾಯಕಿಗೆ 35. ಊರಿನಲ್ಲೇ ಇರುವ, ತುಸು ಓದಿದ, ಬಿಡುವಿರುವ ಹೆಣ್ಣುಮಗಳು ದಿನಕ್ಕೆ ನಾಲ್ಕೈದು ತಾಸು ಮಕ್ಕಳನ್ನು ನೋಡಿಕೊಳ್ಳುತ್ತಾಳೆ ಎಂಬುದು ಅಂದಿನ ಕಲ್ಪನೆ. ಬಿಡುವಿರುವ ಹೆಣ್ಣು! ಆ ಕಾಲದ ಯೋಜಕರ ಕಣ್ಣಿಗೆ ಹಳ್ಳಿಯ ಹೆಂಗಸಿನ ಬಿಡುವು ಎಲ್ಲಿ ಕಂಡಿತೋ ತಿಳಿಯದು. ಇರಲಿ, ಕೆಲಸವಾದರೂ ಅಷ್ಟಕ್ಕೇ ನಿಂತಿತೇ? ಮಕ್ಕಳ ತೂಕ, ಲಸಿಕೆಯ ಪಟ್ಟಿ, ಗರ್ಭಿಣಿ ಬಾಣಂತಿಯರ ದಾಖಲೆ, ಶಾಲಾಪೂರ್ವ ಪಾಠ. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದ ಮೇಲೆ ಗರ್ಭಿಣಿಯರಿಗೆ ಬಿಸಿಯೂಟ. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್‌ನಲ್ಲಿ ಎಲ್ಲವನ್ನೂ ದಿನವೂ ತುಂಬುವ ಕೆಲಸ. ಚುನಾವಣೆ ಬಂದರೆ ಮತದಾರರ ಪಟ್ಟಿ, ಯಾವ ಇಲಾಖೆಗೆ ಯಾವ ಸಮೀಕ್ಷೆ ಬೇಕಾದರೂ ಮೊದಲು ನೆನಪಾಗುವುದು ಇವಳೇ. ಕೆಲಸ ಆಲದ ಮರದಂತೆ ಬೇರು ಬಿಳಲು ಬಿಟ್ಟಿತು. ಪದ ಮಾತ್ರ 1975ರಲ್ಲೇ ಉಳಿಯಿತು.

ಈಗ ಸ್ವಲ್ಪ ಲೆಕ್ಕ. 2018ರ ಅಕ್ಟೋಬರಿನಿಂದ ಜಾರಿಯಾದಂತೆ ಕೇಂದ್ರ ಯೋಜನೆಯಡಿ ಕಾರ್ಯಕರ್ತೆಗೆ ನಿಗದಿಯಾದ ಗೌರವಧನ 4,500 ರೂಪಾಯಿ, ಸಹಾಯಕಿಗೆ 2,250. ಇದರಲ್ಲಿ ಕೇಂದ್ರದ ಪಾಲು ನೂರಕ್ಕೆ ಅರವತ್ತು, ಅಂದರೆ 2,700 ರೂಪಾಯಿ. ಉಳಿದದ್ದನ್ನು, ಅದರ ಮೇಲೆ ಹೆಚ್ಚುವರಿಯಾಗಿ ಕೊಡುವುದನ್ನು ರಾಜ್ಯಗಳೇ ಭರಿಸಬೇಕು. ಅದೇ ಕೇಂದ್ರ ಸರಕಾರ 2019ರಲ್ಲಿ ದೇಶದ ಎಲ್ಲ ದುಡಿಮೆಗಾರರಿಗೆ ಇದಕ್ಕಿಂತ ಕೆಳಗೆ ಕೂಲಿ ಇಳಿಯಬಾರದೆಂದು ಸೂಚಿಸಿದ ತಳಮಟ್ಟದ ವೇತನ ದಿನಕ್ಕೆ 178 ರೂಪಾಯಿ. ತಿಂಗಳಿಗೆ 26 ದಿನವೆಂದರೆ 4,628 ರೂಪಾಯಿ. ಈ 178 ರೂಪಾಯಿ ಎಷ್ಟು ಕನಿಕರ ಹುಟ್ಟಿಸುವಷ್ಟು ಸಣ್ಣ ಮೊತ್ತವೆಂದು ಕಾರ್ಮಿಕ ಸಂಘಗಳು ಆಗಲೇ ಹೇಳಿದ್ದವು. ಅಂಗನವಾಡಿ ಕಾರ್ಯಕರ್ತೆಗೆ ನಿಗದಿಯಾದ ಹಣ ಆ ಸಣ್ಣ ಮೊತ್ತಕ್ಕಿಂತಲೂ ಕೆಳಗಿತ್ತು. ಖಾಸಗಿ ಮಾಲಕನೊಬ್ಬ ಹೀಗೆ ಮಾಡಿದರೆ ಕಾರ್ಮಿಕ ನಿರೀಕ್ಷಕರು ಬಂದು ನೋಟೀಸು ಕೊಡಬೇಕು. ಇಲ್ಲಿ ಮಾಲಕನೂ ಅವನೇ, ನಿರೀಕ್ಷಕನೂ ಅವನೇ.

ಬಿಸಿಯೂಟದ ಅಡುಗೆಯವರ ಕಥೆ ಇನ್ನೂ ಕೆಳಗಿನದ್ದು. 2009ರ ಡಿಸೆಂಬರಿನಲ್ಲಿ ಕೇಂದ್ರ ನಿಗದಿಪಡಿಸಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಊಟವಿಲ್ಲ, ಆದ್ದರಿಂದ ಅಡುಗೆಯವರಿಗೆ ಹಸಿವೂ ಇರಬಾರದು. ನಮ್ಮ ರಾಜ್ಯ ತನ್ನ ಪಾಲು ಸೇರಿಸಿ ಕೊಟ್ಟರೂ 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಸಹಾಯಕ ಅಡುಗೆಯವರ ಕೈಗೆ ಬರುತ್ತಿದ್ದದ್ದು 3,600 ರೂಪಾಯಿ. ಇಪ್ಪತ್ತೈದು ಮಕ್ಕಳಿಗೆ ಒಬ್ಬರು, ನೂರು ಮಕ್ಕಳಿಗೆ ಇಬ್ಬರು ಎಂಬುದು ಅಡುಗೆಯವರ ನೇಮಕದ ಮಾನದಂಡ. ನೂರು ಮಕ್ಕಳ ಅನ್ನ ಸಾರು ಬೇಯಿಸಿ, ಬಡಿಸಿ, ಪಾತ್ರೆ ತೊಳೆದು, ಮನೆ ಸೇರುವಾಗ ಅವರ ದಿನದಲ್ಲಿ ಇನ್ನೊಂದು ಕೂಲಿಗೆ ಹೋಗುವಷ್ಟು ಹೊತ್ತು ಉಳಿದಿರುತ್ತದೆಯೇ? 'ಅರೆಕಾಲಿಕ' ಎನ್ನುವವರು ಒಂದು ದಿನ ಸೌದೆಯೋ ಸಿಲಿಂಡರೋ ಏನಿದೆಯೋ ಅದರ ಮುಂದೆ ನಿಂತು ನೋಡಬೇಕು.

ನಮ್ಮ ರಾಜ್ಯದಲ್ಲಿ ಈ ಯೋಜನೆಗೆ 'ಅಕ್ಷರ ದಾಸೋಹ' ಎಂದು ಹೆಸರು. ಸುಂದರವಾದ ಹೆಸರೇ. ಆದರೆ ಶರಣರ ಚಿಂತನೆಯಲ್ಲಿ ದಾಸೋಹ ಒಂಟಿಯಾಗಿ ಬರುವುದಿಲ್ಲ, ಅದರ ಮುಂದೆ ಕಾಯಕವಿದೆ. ತಾನು ದುಡಿದು ಗಳಿಸಿದ್ದನ್ನು ಹಂಚಿಕೊಳ್ಳುವುದು ದಾಸೋಹ, ಇನ್ನೊಬ್ಬರ ದುಡಿಮೆಯನ್ನು ಅಗ್ಗಕ್ಕೆ ಪಡೆದು ಅದರಿಂದ ಅನ್ನ ಹಂಚುವುದಕ್ಕೆ ಆ ಹೆಸರು ಒಪ್ಪುವುದಿಲ್ಲ. ಸರಕಾರ ಇಲ್ಲಿ ದಾಸೋಹವನ್ನು ಎತ್ತಿಕೊಂಡಿದೆ, ಕಾಯಕವನ್ನು ಅಡುಗೆಮನೆಯಲ್ಲೇ ಬಿಟ್ಟಿದೆ. ಸುಪ್ರೀಂ ಕೋರ್ಟು 2004ರಲ್ಲಿ ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಹೇಳಿತ್ತು. ಶತಮಾನಗಳ ಪಂಕ್ತಿಭೇದವನ್ನು ಶಾಲೆಯ ಅಂಗಳದಲ್ಲೇ ಮುರಿಯುವ ದೊಡ್ಡ ಆಶಯವದು. ಆದರೆ ಕೂಲಿಯನ್ನು ಹೀಗೆ ಇಟ್ಟಾಗ ಆ ಆದ್ಯತೆಯ ಫಲವೇನು? ಬಡವರಲ್ಲಿ ಬಡವರಿಗೆ, ಕೂಲಿಯಲ್ಲಿ ಕೀಳು ಕೂಲಿ.

ಕನಿಷ್ಠ ವೇತನವೆಂದರೆ ಯಾರೋ ಕೈಗೆ ಬಂದ ಸಂಖ್ಯೆಯನ್ನು ಬರೆಯುವುದಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಅದಕ್ಕೊಂದು ಸೂತ್ರ ಕೊಟ್ಟಿದೆ. ದುಡಿಯುವ ವ್ಯಕ್ತಿಯ ಕುಟುಂಬವನ್ನು ಮೂರು ಘಟಕಗಳೆಂದು ಹಿಡಿಯಬೇಕು. ಒಬ್ಬ ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು ಬೆಳಕಿಗೆ ಇಂತಿಷ್ಟು ಎಂದು ಲೆಕ್ಕ ಹಾಕಬೇಕು. ಮಕ್ಕಳ ಓದು, ಔಷಧ, ಮದುವೆ, ಮುಪ್ಪಿಗಾಗಿ ನೂರಕ್ಕೆ ಇಪ್ಪತ್ತೈದರಷ್ಟು ಸೇರಿಸಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಊರಿನ ಪ್ರತಿ ಮಗುವಿನ ತಟ್ಟೆಯಲ್ಲಿ ಎಷ್ಟು ಕ್ಯಾಲೊರಿ, ಎಷ್ಟು ಗ್ರಾಂ ಪ್ರೊಟೀನ್ ಎಂದು ದಾಖಲಿಸುವವಳು ಅಂಗನವಾಡಿ ಕಾರ್ಯಕರ್ತೆ. ಅವಳ ಸ್ವಂತ ತಟ್ಟೆಯ ಕ್ಯಾಲೊರಿಯನ್ನು ಎಣಿಸುವ ಈ ಸೂತ್ರಕ್ಕೆ ಮಾತ್ರ ಅವಳು ಹೊರಗಿನವಳು, ಏಕೆಂದರೆ ಅವಳು ಪಡೆಯುವುದು ವೇತನವಲ್ಲವಂತೆ.

ವೇತನ ಹೆಚ್ಚಿಸಿದರೆ ಉದ್ಯೋಗ ಕಡಿಮೆಯಾಗುತ್ತದೆ ಎಂಬುದು ಕನಿಷ್ಠ ವೇತನದ ವಿರುದ್ಧ ಜಗತ್ತಿನಾದ್ಯಂತ ಕೇಳಿಬರುವ ಹಳೆಯ ವಾದ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರಲ್ಲಿ ಗಂಟೆಯ ಕೂಲಿ 4.25 ಡಾಲರಿನಿಂದ 5.05ಕ್ಕೆ ಏರಿದಾಗ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಫಾಸ್ಟ್ ಫುಡ್ ಹೋಟೆಲುಗಳನ್ನು ನೆರೆಯ ಪೆನ್ಸಿಲ್ವೇನಿಯಾದ ಹೋಟೆಲುಗಳೊಂದಿಗೆ ಹೋಲಿಸಿ ನೋಡಿದರು. ಕೆಲಸ ಕಡಿಮೆಯಾಗಿರಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂದರೂ ವಾದ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಸಣ್ಣ ಹೋಟೆಲಿನ ಮಾಲಕನ ಕಷ್ಟವನ್ನು ಅಲ್ಲಗಳೆಯಲಾಗದು. ಆದರೆ ಅಂಗನವಾಡಿಗೆ ಗಿರಾಕಿಯಿಲ್ಲ, ಲಾಭವಿಲ್ಲ, ಎದುರು ಅಂಗಡಿಯಿಲ್ಲ. ಎಷ್ಟು ಕೇಂದ್ರಗಳಿರಬೇಕು, ಎಷ್ಟು ಮಂದಿ ಇರಬೇಕು ಎಂಬುದನ್ನು ತೀರ್ಮಾನಿಸುವುದು ಸರಕಾರವೇ. ಉಳಿಯುವುದು ಬೊಕ್ಕಸದ ವಾದವೊಂದೇ. ಅದು ಹುಸಿಯಲ್ಲ, ಲಕ್ಷಗಟ್ಟಲೆ ಜನರಿಗೆ ವೇತನ ಕೊಡುವುದೆಂದರೆ ಸಾವಿರಾರು ಕೋಟಿಯ ಮಾತು. ಆದರೆ ಅಷ್ಟು ಸಾವಿರ ಕೋಟಿ ಈಗಲೂ ಖರ್ಚಾಗುತ್ತಲೇ ಇದೆ. ಅದನ್ನು ಭರಿಸುತ್ತಿರುವುದು ಬೊಕ್ಕಸವಲ್ಲ, ಆ ಹೆಂಗಸರ ಮನೆ.

ನ್ಯಾಯಾಲಯಗಳು ಈ ಪದವನ್ನು ಬಿಚ್ಚಿ ನೋಡಿದ ಚರಿತ್ರೆ ಕುತೂಹಲಕರ. 1982ರಲ್ಲಿ ದಿಲ್ಲಿಯ ಏಷ್ಯಾಡ್ ಕಾಮಗಾರಿಯ ಕೂಲಿಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಿಟ್ಟಿ ದುಡಿಮೆಯೇ ಎಂದಿತು. ಮರುವರ್ಷ ರಾಜಸ್ಥಾನ ಸರಕಾರದ ಸರದಿ. ಬರಗಾಲದ ಪರಿಹಾರ ಕಾಮಗಾರಿಗೆ ಕನಿಷ್ಠ ವೇತನದಿಂದ ವಿನಾಯಿತಿ ಕೊಡುವ ಕಾನೂನನ್ನು ಅದು ಹಿಡಿದುಕೊಂಡಿತ್ತು. ಹಸಿದವರ ಅಸಹಾಯಕತೆಯ ಲಾಭವನ್ನು ಸರಕಾರ ಪಡೆಯುವಂತಿಲ್ಲ ಎಂದು ನ್ಯಾಯಾಲಯ ಅದನ್ನೂ ಒಪ್ಪಲಿಲ್ಲ. ಇಷ್ಟಾದ ಮೇಲೆ 2006ರಲ್ಲಿ, ನಮ್ಮ ರಾಜ್ಯ ಸರಕಾರವೇ ಮೇಲ್ಮನವಿ ಹೋಗಿದ್ದ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರಕಾರಿ ಹುದ್ದೆಯಲ್ಲ ಎಂಬ ತೀರ್ಪು ಬಂತು. ಹದಿನಾರು ವರ್ಷ ಆ ತೀರ್ಪೇ ಗೋಡೆಯಾಯಿತು. 2020ರ ಡಿಸೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟು ಬಿಸಿಯೂಟದ ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದು ಬಿಟ್ಟಿ ದುಡಿಮೆಯೆಂದು ಹೇಳಿ, ಕನಿಷ್ಠ ವೇತನ ಕೊಡಲು ಉತ್ತರ ಪ್ರದೇಶ ಸರಕಾರಕ್ಕೆ ಆದೇಶಿಸಿತು. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದಿತು. ಅದಕ್ಕಾಗಿ ಅದು ಮಾಡಿದ ಕೆಲಸ ಸರಳ: ಇದು ಅರೆಕಾಲಿಕ ಕೆಲಸವೆಂಬ ವಾದವನ್ನು ತಳ್ಳಿಹಾಕಿ, ಗೌರವಧನವೆಂದು ಕರೆದರೂ ಗ್ರಾಚ್ಯುಟಿ ಕಾಯ್ದೆಯ ಅರ್ಥದಲ್ಲಿ ಇದು ವೇತನವೇ ಎಂದು ಹೇಳಿತು. 2025ರ ಆಗಸ್ಟಿನಲ್ಲಿ ಗುಜರಾತ್ ಹೈಕೋರ್ಟು ಇನ್ನೂ ಮುಂದೆ ಹೋಗಿ ಕಾರ್ಯಕರ್ತೆಗೆ 24,800, ಸಹಾಯಕಿಗೆ 20,300 ರೂಪಾಯಿ ಕೊಡಬೇಕೆಂದಿತು.

ಆಶಾ ಕಾರ್ಯಕರ್ತೆಯರಿಗೆ ಗೌರವ ಸಿಕ್ಕಷ್ಟು ಇನ್ನಾರಿಗೂ ಸಿಕ್ಕಿರಲಾರದು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಸಾವಿರ ಜನಸಂಖ್ಯೆಗೊಬ್ಬಳಂತೆ ನೇಮಕವಾದ ಇವಳು ದಾಖಲೆಯಲ್ಲಿ 'ಸ್ವಯಂಸೇವಕಿ'. ಹೆರಿಗೆಗೆ ಕರೆದೊಯ್ದರೆ ಇಷ್ಟು, ಲಸಿಕೆ ಹಾಕಿಸಿದರೆ ಇಷ್ಟು ಎಂದು ಬಿಡಿಬಿಡಿ ಪ್ರೋತ್ಸಾಹಧನ. 2020ರ ಏಪ್ರಿಲಿನಲ್ಲಿ, ಕೊರೋನಾ ಭೀತಿಯ ನಡುವೆ, ಬೆಂಗಳೂರಿನಲ್ಲಿ ಮುಸ್ಲಿಮರು ಹೆಚ್ಚಾಗಿರುವ ಬಡಾವಣೆಯೊಂದರಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆಯಾಯಿತು. ಅದು ಖಂಡನೀಯ, ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಆದರೆ ಟಿವಿ ವಾಹಿನಿಗಳು ಆ ಹೆಣ್ಣುಮಗಳನ್ನು ಒಂದು ಸಮುದಾಯವನ್ನು ಹಣಿಯುವ ಆಯುಧವಾಗಿಸಿದ್ದು ಬಿಟ್ಟರೆ, ಮುಖಕವಚವೂ ಸರಿಯಾಗಿಲ್ಲದೆ ಮನೆಮನೆ ತಿರುಗುವ ಅವಳಿಗೆ ದಿನಕ್ಕೆ ಎಷ್ಟು ಸಿಗುತ್ತದೆಂದು ಕೇಳಲಿಲ್ಲ. ಅದೇ ವರ್ಷದ ಜುಲೈಯಲ್ಲಿ ತಿಂಗಳಿಗೆ 12,000 ರೂಪಾಯಿ ಬೇಕೆಂದು ರಾಜ್ಯದ ಆಶಾಗಳು ಕೆಲಸ ನಿಲ್ಲಿಸಿದಾಗ ಆ ವಾಹಿನಿಗಳ ಕಣ್ಣೀರು ಬತ್ತಿಹೋಗಿತ್ತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷ ಆಶಾಗಳನ್ನು ಜಾಗತಿಕ ಪ್ರಶಸ್ತಿಯಿಂದ ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಅದೇ ಪ್ರಶಸ್ತಿ ವಿಜೇತರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಕೂತಿದ್ದರು. ಅದು ಹಿಂದೆ ಕೇಂದ್ರ ಕಾರಾಗೃಹವಾಗಿದ್ದ ಜಾಗ. ಏಪ್ರಿಲಿನಿಂದ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವುದಾಗಿ ಮುಖ್ಯಮಂತ್ರಿಗಳು ಭರವಸೆ ಕೊಟ್ಟ ಮೇಲೆ ಎದ್ದು ಹೋದರು.

ಇಲ್ಲಿ ಹೋರಾಟಗಾರರ ಬಗ್ಗೆಯೂ ಒಂದು ಮಾತು ಹೇಳಬೇಕು. 2017ರ ಮಾರ್ಚಿನಲ್ಲಿ ಸಾವಿರಾರು ಅಂಗನವಾಡಿ ಮಹಿಳೆಯರು ಬೆಂಗಳೂರಿನ ರಸ್ತೆಯಲ್ಲೇ ಮಲಗಿ ರಾತ್ರಿ ಕಳೆದ ಆ ದಿಟ್ಟತನಕ್ಕೆ ತಲೆಬಾಗಲೇಬೇಕು. ಆದರೆ ಬೇಡಿಕೆಯ ಪಟ್ಟಿಯಲ್ಲಿ ಕನಿಷ್ಠ ವೇತನ, ನೌಕರರೆಂಬ ಮಾನ್ಯತೆ ಮೇಲಿದ್ದರೂ ಮಾತುಕತೆಯ ಮೇಜಿಗೆ ಬರುವ ಹೊತ್ತಿಗೆ ಉಳಿಯುವುದು 'ಗೌರವಧನ ಹೆಚ್ಚಳ' ಮಾತ್ರ. ಸಾವಿರ ರೂಪಾಯಿ ಸಿಗುತ್ತದೆ, ಪದ ಇನ್ನಷ್ಟು ಗಟ್ಟಿಯಾಗುತ್ತದೆ. ರಾಜಕೀಯ ಪಕ್ಷಗಳಿಗೂ ಇದೇ ಅನುಕೂಲ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಅಂಗನವಾಡಿ ಕಾರ್ಯಕರ್ತೆಯರಿಗೆ 15,000, ಆಶಾಗಳಿಗೆ 8,000 ರೂಪಾಯಿಯ ಭರವಸೆ ಕೊಟ್ಟಿತು, ಬಿಸಿಯೂಟದವರಿಗೂ ಹೆಚ್ಚಳದ ಮಾತು ಕೊಟ್ಟಿತು. ಕೇಂದ್ರದ ಬಿಜೆಪಿ ಸರಕಾರ 2018ರ ಏರಿಕೆಯನ್ನು ಹಬ್ಬದ ಕೊಡುಗೆಯಂತೆ ಘೋಷಿಸಿತ್ತು. ವೇತನವಾದರೆ ಅದು ಹಕ್ಕು, ಬೆಲೆಯೇರಿಕೆಯೊಂದಿಗೆ ತಾನಾಗಿ ಏರುತ್ತದೆ, ಯಾರ ಭಾವಚಿತ್ರವೂ ಬೇಕಾಗಿಲ್ಲ. ಗೌರವಧನವಾದರೆ ಪ್ರತಿ ಸಲವೂ ಒಬ್ಬ ದಾನಿ ಬೇಕು.

2025ರ ನವೆಂಬರ್ 21ರಂದು ವೇತನ ಸಂಹಿತೆ ಜಾರಿಗೆ ಬಂದು 1948ರ ಕನಿಷ್ಠ ವೇತನ ಕಾಯ್ದೆ ಚರಿತ್ರೆ ಸೇರಿತು. ಪಟ್ಟಿಯಲ್ಲಿದ್ದ ಉದ್ಯೋಗಗಳಿಗಷ್ಟೇ ಕನಿಷ್ಠ ವೇತನ ಎಂಬ ಹಳೆಯ ಮಿತಿ ಹೋಗಿ, ಎಲ್ಲ ನೌಕರರಿಗೂ ಅದು ಸಿಗಬೇಕೆನ್ನುವುದು ಸಂಹಿತೆಯ ಹೆಗ್ಗಳಿಕೆ. ಎಲ್ಲರಿಗೂ ಎನ್ನುವ ಆ ಸಂಹಿತೆಯಲ್ಲಿ ಅಂಗನವಾಡಿ, ಆಶಾ, ಬಿಸಿಯೂಟ ಎಂಬ ಹೆಸರುಗಳಿಲ್ಲ. ನೌಕರರೋ ಅಲ್ಲವೋ ಎಂಬ ಅದೇ ಹಳೆಯ ಪ್ರಶ್ನೆಯನ್ನು ಹಿಡಿದುಕೊಂಡು ಇವರು ಮತ್ತೆ ಯಾವುದೋ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು.

ಸರಕಾರಕ್ಕೆ ಈ ಧೈರ್ಯ ಎಲ್ಲಿಂದ ಬಂತು ಎಂದು ಕೇಳಿಕೊಂಡರೆ ಉತ್ತರ ವಿಧಾನಸೌಧದಲ್ಲಿ ಮಾತ್ರ ಇಲ್ಲ. ಮನೆಗೆಲಸದವರನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದು 2004ರಲ್ಲೇ ಅಧಿಸೂಚನೆ ಹೊರಡಿಸಿದ ರಾಜ್ಯ ನಮ್ಮದು. 'ಅವಳು ನಮ್ಮ ಮನೆಯವಳಿದ್ದಂತೆ' ಎನ್ನುತ್ತೇವೆ, ಹಬ್ಬಕ್ಕೆ ಸೀರೆ ಕೊಡುತ್ತೇವೆ, ಉಳಿದ ಸಾರು ಡಬ್ಬಿಗೆ ತುಂಬಿ ಕಳಿಸುತ್ತೇವೆ, ಅವಳ ಮಗಳ ಪುಸ್ತಕಕ್ಕೆ ಹಣವನ್ನೂ ಕೊಡುತ್ತೇವೆ. ಆ ಅಧಿಸೂಚನೆಯನ್ನು ತರಿಸಿಕೊಂಡು, ಅವಳ ತಿಂಗಳ ಸಂಬಳದ ಪಕ್ಕದಲ್ಲಿಟ್ಟು ಓದಿದ ಮನೆಗಳು ನಮ್ಮ ಓಣಿಯಲ್ಲಿ ಎಷ್ಟಿವೆ?