ಕೇಶವಾನಂದ ಭಾರತಿ ತೀರ್ಪು: ಅರ್ಧ ಓದಿನ ಅಪಾಯ

ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು. ಕಾನೂನು ಕಾಲೇಜುಗಳಲ್ಲಿ ಕೇಶವಾನಂದ ಭಾರತಿ ತೀರ್ಪಿನ ಅಧ್ಯಯನ ಸಾಮಾನ್ಯವಾಗಿ ಈ ಒಂದು ವಾಕ್ಯದಲ್ಲಿಯೇ ಮುಗಿಯುತ್ತದೆ. ಇದು ಫಲವನ್ನು ಕಂಡು ಬೇರನ್ನು ಮರೆತಂತೆ.

ಕಾಸರಗೋಡಿನ ಎಡನೀರು ಮಠಾಧಿಪತಿಗಳು 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕದ್ದು ಮಠದ ಭೂಮಿಗಾಗಿ, ಕೇರಳದ ಭೂಸುಧಾರಣಾ ಶಾಸನದ ವಿರುದ್ಧ. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳಲ್ಲಿ 7 ಮಂದಿ ಸಂಸತ್ತಿನ ತಿದ್ದುಪಡಿಯ ಅಧಿಕಾರಕ್ಕೆ ಮಿತಿಯುಂಟೆಂದರು. ಅವರಲ್ಲೊಬ್ಬರಾದ ನ್ಯಾಯಮೂರ್ತಿ ಖನ್ನಾ, ಆಸ್ತಿಯ ಹಕ್ಕು ಮೂಲ ಸ್ವರೂಪಕ್ಕೆ ಸೇರಿದುದಲ್ಲವೆಂದೂ ಸ್ಪಷ್ಟಪಡಿಸಿದರು. ಮಠವು ಬಯಸಿದ ಪರಿಹಾರ ದೊರೆಯಲಿಲ್ಲ. ಪ್ರಜೆಗಳ ಹಕ್ಕುಗಳಿಗೆ ಕಾವಲು ದೊರೆಯಿತು.

ಈ ಭಾಗವನ್ನು ಬಿಟ್ಟು ಓದಿದವನು ಚತುರ ವಕೀಲನಾದಾನು. ಹಕ್ಕು ಯಾರಿಗಾಗಿ ಎಂಬುದನ್ನು ಅರಿಯಲಾರನು. ಉಳುವವನ ಕಾಯಕವನ್ನು ಗೌರವಿಸುವ ಪರಂಪರೆಯ ನಮ್ಮ ವಿದ್ಯಾರ್ಥಿಗಳಾದರೂ ತೀರ್ಪನ್ನು ಸಮಗ್ರವಾಗಿ ಓದಲಿ.